ಲಿನಕ್ಸ್ ಲ್ಯಾಪ್‌ಟಾಪ್ ಮೂಕವಾದಾಗ

ಮಾನ್ಯ ಸಂಪಾದಕರೇ,

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ ಲ್ಯಾಪ್‌ಟಾಪಿನಲ್ಲಿ ಧ್ವನಿ ಬಾರದಿದ್ದರೆ ಸ್ಪೀಕರ್ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವವರು, ಇಲ್ಲವೇ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವವರು ದಯವಿಟ್ಟು ಸ್ವಲ್ಪ ತಾಳಬೇಕು. ನನ್ನ ಲ್ಯಾಪ್‌ಟಾಪ್ ಎರಡು ದಿನ ಮೂಕವಾಗಿದ್ದಾಗ ನಾನೂ ಹಾಗೆಯೇ ಕಂಗೆಟ್ಟಿದ್ದೆ. ಕೊನೆಗೆ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಆಲ್ಸಾಮಿಕ್ಸರ್ (alsamixer) ಎಂಬ ಧ್ವನಿ ನಿಯಂತ್ರಕವನ್ನು ತೆರೆದು, ಎಫ್6 ಒತ್ತಿ ಸೌಂಡ್ ಕಾರ್ಡ್ ಆಯ್ದುಕೊಂಡಾಗ, ಪರದೆಯಲ್ಲಿ ಸ್ಪೀಕರಿನ ಧ್ವನಿಮಟ್ಟ ತೋರುವ ಕಂಬದ ಬುಡದಲ್ಲಿ ‘ಎಂಎಂ’ (MM) ಎಂಬ ಎರಡಕ್ಷರ ಕಾಣಿಸಿತು. ಅದು ಮ್ಯೂಟ್ ಆಗಿರುವುದರ ಗುರುತು; ಎಂ ಕೀಲಿ ಒತ್ತಿದೊಡನೆ ಧ್ವನಿ ಮರಳಿತು. ಧ್ವನಿಯು ಸ್ಪೀಕರಿನ ಬದಲು ಟಿವಿ, ಮಾನಿಟರ್ ಜೋಡಿಸುವ ಎಚ್‌ಡಿಎಂಐ ಕಡೆಗೆ ಹೋಗುತ್ತಿರುವುದೂ ಉಂಟು. ಅದನ್ನು ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ, 2022ರಲ್ಲಿ ಬಂದ 22.10 ಆವೃತ್ತಿಯಿಂದ, ಧ್ವನಿ ನಿರ್ವಹಿಸುವ ಪಲ್ಸ್‌ಆಡಿಯೊ ತಂತ್ರಾಂಶದ ಸ್ಥಾನಕ್ಕೆ ಪೈಪ್‌ವೈರ್ ಬಂದಿರುವುದರಿಂದ, ಹಳೆಯ ಸಲಹೆಗಳನ್ನು ಕಣ್ಣುಮುಚ್ಚಿ ಅನುಸರಿಸಬಾರದು. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇಂತಹ ಮಾಹಿತಿಯನ್ನು ಕನ್ನಡದಲ್ಲಿ ವಿವರವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ