ಹಳೆಯ ಮರದ ಸೇತುವೆಯನ್ನು ಕೆಡವಬೇಡಿ, ಮೊದಲು ಸೂರು ರಿಪೇರಿ ಮಾಡಿಸಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಪಟ್ಟಣದ ಆಡಳಿತ ಮಂಡಳಿ

ಇವರಿಂದ,
ಸೇತುವೆಯ ಎರಡೂ ದಡದ ನಿವಾಸಿಗಳು

ವಿಷಯ: ಚಾವಣಿ ಇರುವ ಹಳೆಯ ಮರದ ಸೇತುವೆಯನ್ನು ರಿಪೇರಿ ಮಾಡಿ ಬಳಕೆಯಲ್ಲೇ ಉಳಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ಮರದ ಸೇತುವೆ ತೆಗೆದು ಅದೇ ಜಾಗದಲ್ಲಿ ಕಾಂಕ್ರೀಟಿನದು ಕಟ್ಟುವ ಮಾತು ನಡೆಯುತ್ತಿದೆ ಎಂದು ಕೇಳಿ ಈ ಮನವಿ ಬರೆಯುತ್ತಿದ್ದೇವೆ. ಕಾಂಕ್ರೀಟ್ ಸೇತುವೆ ಬೇಡ ಎನ್ನುತ್ತಿಲ್ಲ. ಲಾರಿಗಳಿಗೆ ಅದು ಬೇಕೇ ಬೇಕು, ಸ್ವಲ್ಪ ಆಚೆ ಕಟ್ಟಿ. ಇದನ್ನು ಮಾತ್ರ ಮುಟ್ಟಬೇಡಿ. ಅಲ್ಲ, ಮುಟ್ಟಿ, ಆದರೆ ರಿಪೇರಿಗೆ.

ಹೋದ ವಾರ ನಾವು ಕೆಲವರು ಟಾರ್ಚ್ ಹಿಡಿದು ಒಳಗೆಲ್ಲ ನೋಡಿ ಬಂದೆವು. ನಡುವಿನ ತೊಲೆಗಳು ಗಟ್ಟಿಯಾಗಿವೆ. ತುದಿಗಳಲ್ಲಿ ಉಳಿಯಿಂದ ಕೆತ್ತಿದ ಗೀಟುಗಳು ಇನ್ನೂ ಕಾಣುತ್ತವೆ: ಒಂದು ಗೀಟು, ಎರಡು ಗೀಟು, ಒಂದು ಕತ್ತರಿ ಗುರುತು. ಆಗಿನ ಬಡಗಿಗಳು ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ನೋಡಿ, ಯಾವುದಕ್ಕೆ ಯಾವುದು ಎಂದು ಹೀಗೆ ಗುರುತು ಹಾಕಿ, ಬಿಚ್ಚಿ, ಹೊಳೆಯ ಮೇಲೆ ಮತ್ತೆ ಕೂಡಿಸುತ್ತಿದ್ದರು. ಜಾಸ್ತಿ ಹಾಳಾಗಿರುವುದು ಒಂದೇ ಕಡೆ. ಪಶ್ಚಿಮ ದಡದಲ್ಲಿ ತೊಲೆ ಕಲ್ಲಿನ ಮೇಲೆ ಕೂರುವ ಜಾಗ. ಅಲ್ಲಿ ತರಗೆಲೆ, ಮಣ್ಣು ಸೇರಿಕೊಂಡು ಸದಾ ಒದ್ದೆ. ಚಾಕು ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ತಲೆಯೆತ್ತಿ ನೋಡಿದರೆ ಸರಿಯಾಗಿ ಅದರ ಮೇಲೆಯೇ ಚಾವಣಿಯ ನಾಲ್ಕು ಹಲಗೆ ಇಲ್ಲ. ಕಾರಣ ಹುಡುಕಲು ಬೇರೆ ತನಿಖೆ ಬೇಕಾ?

ಇಂಥ ಸೇತುವೆಗಳಿಗೆ ಸೂರು ಯಾಕೆ ಎಂದು ಕೇಳಿದರೆ ಜನ ಏನೇನೋ ಹೇಳುತ್ತಾರೆ. ಕುದುರೆಗಳು ಕೆಳಗಿನ ನೀರು ಕಂಡು ಬೆದರಬಾರದು ಅಂತ, ದಾರಿಹೋಕರು ಮಳೆಗೆ ನಿಲ್ಲಲಿ ಅಂತ. ಅವೆಲ್ಲ ಆಮೇಲಿನ ಲಾಭ. ಸೂರು ಇರುವುದು ಮರಕ್ಕಾಗಿ. ಬಿಸಿಲು ಮಳೆಗೆ ಒಡ್ಡಿದ ಮರದ ಸೇತುವೆ ಹತ್ತಿಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಮುಚ್ಚಿದ್ದು ನೂರು ದಾಟುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1805ರಲ್ಲಿ ತೆರೆದ ಸೇತುವೆಯನ್ನು ಆ ದೇಶದ ಮೊದಲ ಚಾವಣಿ ಸೇತುವೆ ಎನ್ನುತ್ತಾರೆ. ಕೆನಡಾದ ಹಾರ್ಟ್‌ಲ್ಯಾಂಡ್ ಸೇತುವೆ 1901ರಲ್ಲಿ ತೆರೆದಾಗ ಅದಕ್ಕೆ ಸೂರೇ ಇರಲಿಲ್ಲ. ಸುಮಾರು ಇಪ್ಪತ್ತು ವರ್ಷದ ನಂತರ ಹಾಕಿಸಿದರು. 391 ಮೀಟರ್ ಉದ್ದದ ಆ ಸೇತುವೆ ಇಂದಿಗೂ ನಿಂತಿದೆ, ಪ್ರಪಂಚದಲ್ಲೇ ಅತಿ ಉದ್ದದ ಚಾವಣಿ ಸೇತುವೆ ಅದು. ನಾಲ್ಕು ಹಲಗೆ ಹಾಕಿಸದೆ ಇಡೀ ಸೇತುವೆ ಕಳೆದುಕೊಳ್ಳುವುದು ಯಾವ ಲೆಕ್ಕ?

ಕೊಳೆತ ತುದಿಗೆ ಪೂರ್ತಿ ತೊಲೆ ಬದಲಿಸಬೇಕಿಲ್ಲ. ಅಷ್ಟನ್ನು ಕೊಯ್ದು, ಅದೇ ಜಾತಿಯ ಒಣಗಿದ ಮರ ಕೂಡಿಸಿದರೆ ಸಾಕು. ಈ ಕೆಲಸ ಬಲ್ಲ ಬಡಗಿಯನ್ನೇ ಕರೆಸಿ. ದಯವಿಟ್ಟು ಸುಮ್ನೆ ಟಾರು ಬಳಿದು, ಪ್ಲಾಸ್ಟಿಕ್ ಶೀಟು ಹೊದಿಸಿ ಕೈತೊಳೆದುಕೊಳ್ಳಬೇಡಿ. ಗಾಳಿಯಾಡದಿದ್ದರೆ ಮರ ಒಳಗೊಳಗೇ ಕೊಳೆಯುತ್ತದೆ.

ಇನ್ನು ಭಾರದ ಗಾಡಿಗಳ ವಿಷಯ. ಸರಕು ತುಂಬಿದ ಲಾರಿಯೊಂದು ಬಾಗಿಲಿನ ಮೇಲಿನ ಅಡ್ಡಪಟ್ಟಿಗೆ ಗುದ್ದಿ ಹೋದದ್ದು ನಿಮಗೂ ಗೊತ್ತು. ಸೇತುವೆಗೆ ಸುಮಾರು ನೂರು ಗಜ ಮೊದಲೇ ಎತ್ತರ ತಡೆಯುವ ಕಬ್ಬಿಣದ ಕಮಾನು ಬೇಕು. ಬೋರ್ಡು ಯಾರು ಓದುತ್ತಾರೆ? ಅಮೆರಿಕದ ಕಾರ್ನಿಶ್–ವಿಂಡ್ಸರ್ ಸೇತುವೆಯ ಮೇಲೆ, ಕುದುರೆಯನ್ನು ನಡೆಸಿಕೊಂಡೇ ಹೋಗಿ, ಇಲ್ಲದಿದ್ದರೆ ಎರಡು ಡಾಲರ್ ದಂಡ ಎಂದು ಬರೆದಿದ್ದಾರೆ. 1866ರ ಸೇತುವೆ ಅದು, ಈಗಲೂ ಕಾರು ಓಡಾಡುತ್ತವೆ. ದಂಡದ ಭಯವೂ ಸ್ವಲ್ಪ ಇರಲಿ, ಅಲ್ವಾ?

ನಮಗೆ ಎಲ್ಲಕ್ಕಿಂತ ಹೆಚ್ಚಿನ ಭಯ ಬೆಂಕಿಯದು. ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ 14ನೇ ಶತಮಾನದ ಮರದ ಸೇತುವೆ 1993ರ ಆಗಸ್ಟ್‌ನಲ್ಲಿ ಒಂದೇ ರಾತ್ರಿ ಬಹುಪಾಲು ಸುಟ್ಟುಹೋಯಿತು. ಸೂರಿನ ಕೆಳಗೆ ತೂಗುಹಾಕಿದ್ದ ಹಳೆಯ ಚಿತ್ರಗಳಲ್ಲಿ ಹೆಚ್ಚಿನವು ಬೂದಿಯಾದವು. ಮರುವರ್ಷವೇ ಮತ್ತೆ ಕಟ್ಟಿದರು, ಆದರೆ ಆ ಚಿತ್ರಗಳು ಮರಳಿ ಬರಲಿಲ್ಲ. ನಮ್ಮ ಸೇತುವೆಯೊಳಗೆ ಸಂಜೆ ಸಿಗರೇಟ್ ಸೇದುತ್ತಾ ಕೂರುವವರಿದ್ದಾರೆ. ಒಂದು ದೀಪ, ಹೊಗೆ ಕಂಡರೆ ಕೂಗುವ ಒಂದು ಅಲಾರಂ, ಎರಡೂ ತುದಿಗೆ ನೀರಿನ ಕೊಳವೆ ಕೊಡಿಸಿ.

ಸೇತುವೆಯನ್ನು ಕಿತ್ತು ಪಾರ್ಕಿನಲ್ಲಿಡಬಹುದು ಎಂದೂ ಒಬ್ಬರು ಸದಸ್ಯರು ಹೇಳಿದರಂತೆ. ಕೆಳಗೆ ಹೊಳೆಯೇ ಇಲ್ಲದ ಸೇತುವೆ ನಮಗೆ ಬೇಡ.

ಮಳೆ ಶುರುವಾಗುವ ಮೊದಲು ಆ ನಾಲ್ಕು ಹಲಗೆ ಹಾಕಿಸಿ, ಉಳಿದದ್ದಕ್ಕೆ ಮುಂದಿನ ಸಭೆಯಲ್ಲಿ ದಿನ ಗೊತ್ತುಮಾಡಿ. ತರಗೆಲೆ, ಮಣ್ಣು ತೆಗೆಯುವ ಕೆಲಸ ನಮಗೇ ಬಿಡಿ. ಬುಟ್ಟಿ, ಗುದ್ದಲಿ ನಮ್ಮವೇ, ನಿಮ್ಮ ಒಪ್ಪಿಗೆ ಒಂದು ಬೇಕು.

ಇತಿ,
ತಮ್ಮ ವಿಶ್ವಾಸಿಗಳು,
ಎರಡೂ ದಡದ ನಿವಾಸಿಗಳು
(ಸಹಿಗಳ ಹಾಳೆ ಜೊತೆಗಿದೆ)