ಮಾಡಿನ ಕೆಲಸ ಮುಗಿಯಿತು, ದೇವರಿಗೆ ಸ್ತೋತ್ರ

ನಮ್ಮ ದೇವಾಲಯದ (ಚರ್ಚಿನ) ಮಾಡಿನ, ಅಂದರೆ ಛಾವಣಿಯ, ಕೆಲಸ ಅಂತೂ ಮುಗಿಯಿತು. ಕಳೆದ ಭಾನುವಾರ ಆರಾಧನೆ ಮತ್ತೆ ಒಳಗೇ ನಡೆಯಿತು. ಯಾಕೆ ತಡವಾಯಿತು, ಯಾರು ಏನಂದರು, ಎಲ್ಲ ನಿಮಗೆ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ.

ಇಲ್ಲಿಂದ, ಬೆಂಗಳೂರಿನಿಂದ, ದುಬೈಯಿಂದ ಹಣ ಕೊಟ್ಟವರು, ಒರಲೆ ತಿಂದ ಪಕ್ಕಾಸು (ಹಂಚು ಹೊರುವ ಮರ) ಬದಲಿಸಿದ ಆಚಾರಿಗಳು, ಹಳೆ ಹಂಚು ಒಂದೊಂದೇ ತಿಕ್ಕಿ ತೊಳೆದ ಯುವಕರು, ದಿನಾ ಚಹಾ ಕೊಟ್ಟ ಸ್ತ್ರೀಸಮಾಜದವರು, ನಮ್ಮ ಸಭಾಪಾಲಕರು, ಎಲ್ಲರಿಗೂ ಮನಸಾರೆ ವಂದನೆ. ಒಬ್ಬರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ನಮ್ಮ ಸಭೆಯವರೇ ಆದ ಟೀಚರ್ ಬಗ್ಗೆ.

ಈ ಕೆಲಸಕ್ಕೆ ಮೊದಲು ಅಡ್ಡ ಮಾತಾಡಿದ್ದೇ ಅವರು. "ಹಂಚು ಗಿಂಚು ಬೇಡ, ಶೀಟ್ ಹಾಕಿ. ಉಳಿದ ದುಡ್ಡು ಮಕ್ಕಳ ಫೀಸಿಗಾಗ್ತದೆ" ಅಂತ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯ ಕಥೆ ನಾನು ತೆಗೆದೆ, ಹಂಚಿನ ಅಡಿಯ ಮುದ್ರೆ ತೋರಿಸಿದೆ. "ಮುದ್ರೆ ನೋಡಿ ಮಳೆ ನಿಲ್ತದಾ?" ಅಂದರು. ಎಲ್ಲರೂ ನಕ್ಕರು.

ಆಮೇಲೆ ಮೂಗರ್ಜಿ ಬಂತು. ನಾನು ಹಣ ತಿಂದಿದ್ದೇನಂತೆ. ಆಗ ಬೈಬಲಿನ ನೆಹೆಮೀಯನ ಪುಸ್ತಕ ಹಿಡಿದುಕೊಂಡೇ ಕೂತಿದ್ದೆ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ವಿರೋಧಿ ಟೋಬೀಯ ಗೇಲಿ ಮಾಡುತ್ತಾನಲ್ಲ, ನರಿ ಹತ್ತಿದರೂ ಬಿದ್ದುಹೋಗುತ್ತದೆ ಅಂತ. ಓದುವಾಗ ನಾವೆಲ್ಲ ನೆಹೆಮೀಯರೇ. ಟೋಬೀಯ ಯಾವಾಗಲೂ ಪಕ್ಕದ ಬೆಂಚಿನವನು, ಅಲ್ವಾ? ಆ ಗೋಡೆ 52 ದಿನಕ್ಕೆ ಮುಗಿಯಿತು. ನಮ್ಮದು ಅರ್ಧ ಬಿಚ್ಚಿ ಹಾಗೇ ಕೂತಿತ್ತು.

ಮೇ ತಿಂಗಳ ಆ ರಾತ್ರಿ ಗಾಳಿಗೆ ಟಾರ್ಪಾಲು ಕಿತ್ತುಹೋಯಿತು. ಮಳೆ ನೇರ ಒಳಗೆ. ಹಗ್ಗ ಹಿಡಿದು ಹಿಡಿದು ಕೈ ಸೋತು ಒಂದು ಬೆಂಚಿನ ಮೇಲೆ ಕೂತುಬಿಟ್ಟೆ. ಇದು ದೇವರ ಚಿತ್ತವೋ, ಸುಮ್ನೆ ನನ್ನ ಹಟವೋ ಅನ್ನಿಸಿ ಅಳು ಬಂತು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಆಗ ಬಾಗಿಲಲ್ಲಿ ಟಾರ್ಚ್ ಬೆಳಕು ಕಂಡಿತು.

"ಅಳ್ಲಿಕ್ಕೆ ನಾಳೆ ಪುರುಸೊತ್ತು ಉಂಟು ಮಾರಾಯ. ಬಕೆಟ್ ತಾ."

ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ತಮ್ಮ ರೈನ್‌ಕೋಟು ಬಿಚ್ಚಿ ಹಾರ್ಮೋನಿಯಮ್ಮಿಗೆ ಹೊದಿಸಿದರು. ವೇದಿಯ ಮೇಲಿದ್ದ ದೊಡ್ಡ ಬೈಬಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗಿಟ್ಟು, "ಒದ್ದೆಯಾದ್ರೆ ನಿನ್ನ ಬಿಡುವುದಿಲ್ಲ" ಅಂದರು. ಬೆಳಗಾಗುವ ತನಕ ಇಬ್ಬರೂ ನೀರು ಎತ್ತಿ ಹೊರಗೆ ಚೆಲ್ಲಿದೆವು. ಮಳೆ ಸ್ವಲ್ಪ ಬಿಟ್ಟಾಗ ಸೊಂಟ ಹಿಡಿದು ನಿಂತು ಒಂದೇ ಮಾತು ಹೇಳಿದರು: "ಆ ಅರ್ಜಿ ನಂದಲ್ಲ. ನನಗೆ ಹೇಳ್ಲಿಕ್ಕಿದ್ರೆ ಎದುರೇ ಹೇಳ್ತೇನೆ."

ಅದು ನನಗೆ ಗೊತ್ತಿತ್ತು. ಆದರೂ ಅವರ ಬಾಯಿಂದ ಕೇಳಿದಾಗ ಎದೆ ಹಗುರಾಯಿತು. ವಿರೋಧ ಮಾಡುವವರನ್ನು ದೂರ ಮಾಡು ಅಂತ ವಾರಗಟ್ಟಲೆ ಪ್ರಾರ್ಥಿಸಿದವನು ನಾನು. ದೇವರು ಅವರಲ್ಲೇ ಒಬ್ಬರನ್ನು ನಡುರಾತ್ರಿ ನೀರೆತ್ತಲು ಕಳಿಸಿದರು. ಅರ್ಜಿ ಬರೆದವರು ಯಾರು ಅಂತ ಹುಡುಕುವುದನ್ನು ಅವತ್ತೇ ಬಿಟ್ಟೆ.

ಹಾಗಂತ ಟೀಚರ್ ಮನಸ್ಸು ಬದಲಾಗಿದೆ ಅಂದುಕೊಳ್ಳಬೇಡಿ. ಶೀಟೇ ಸಾಕಿತ್ತು ಅಂತ ಮೊನ್ನೆಯೂ ಹೇಳಿದರು. ಖರ್ಚಿನ ಪೂರ್ತಿ ಲೆಕ್ಕ ಬಿಲ್ಲುಗಳ ಸಮೇತ ನೋಟಿಸ್ ಬೋರ್ಡಿನಲ್ಲಿದೆ, ದಯವಿಟ್ಟು ಎಲ್ಲರೂ ನೋಡಿ. ಟೀಚರ್ ಆಗಲೇ ಓದಿ, ಸಾಗಾಟದ ಬಿಲ್ಲಿನ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಭಾನುವಾರದೊಳಗೆ ಉತ್ತರ ಕೊಡುತ್ತೇನೆ.