ಬಿತ್ತುವ ಮುಂಚಿನ ಆ ಹತ್ತು ಹನ್ನೆರಡು ದಿನ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೃಷಿ ಪುಟವನ್ನು ನಾನು ಬಿಡದೆ ಓದುತ್ತೇನೆ. ಕಳೆ ಬಗ್ಗೆ ಏನಾದರೂ ಬಂದಿದ್ದರೆ ಮೊದಲು ಅದನ್ನೇ. ಆದರೆ ಒಂದು ಮಾತು ಹೇಳಬೇಕು. ಕಳೆಯ ಬರಹ ನಿಮ್ಮಲ್ಲಿ ಬರೋದು ಯಾವಾಗಲೂ ಬೆಳೆ ಮೊಣಕಾಲೆತ್ತರ ಆದ ಮೇಲೆ. ಜೊತೆಗೆ ಬೆನ್ನಿಗೆ ಪಂಪು ಕಟ್ಟಿಕೊಂಡವರ ಫೋಟೊ. ಯಾವ ಔಷಧಿ, ಲೀಟರಿಗೆ ಎಷ್ಟು, ಮುಗೀತು. ಅಷ್ಟೊತ್ತಿಗೆ ಆಗಬೇಕಾದ ನಷ್ಟ ಆಗಿ ಹೋಗಿರುತ್ತದೆ. ಜೋಳ, ಮೆಕ್ಕೆಜೋಳದಂಥ ಬೆಳೆಗೆ ಕಳೆ ನಿಜವಾಗಿ ಹೊಡೆತ ಕೊಡೋದು ಬಿತ್ತಿದ ಮೊದಲ ನಾಲ್ಕೈದು ವಾರದಲ್ಲಿ. ಆಮೇಲೆ ಎಷ್ಟು ಕಿತ್ತರೂ ಹೊಲ ನೋಡೋಕೆ ಚೆಂದ ಆಗುತ್ತದೆಯೇ ಹೊರತು ಕಳಕೊಂಡ ಕಾಳು ವಾಪಸ್ ಬರೋದಿಲ್ಲ.

ಹಾಗಾದರೆ ಮೊದಲ ವಾರದಿಂದಲೇ ಕೀಳಬೇಕಾ? ಬೇಡ, ಅದಕ್ಕೂ ಮುಂಚೆ. ಬಿತ್ತೋದಕ್ಕೇ ಮುಂಚೆ. ನಾನು ಈ ಪತ್ರ ಬರೆಯುತ್ತಿರೋದು ಅದೊಂದನ್ನು ಹೇಳೋಕೆ.

ನಮ್ಮದು ಮನೆಮಂದಿಯೇ ದುಡಿಯುವ ಹೊಲ. ನಾನು, ಹೆಂಡತಿ, ಅಣ್ಣ, ಕಣ್ಣು ಮಂಜಾದರೂ ಬದುವಿನ ಮೇಲೆ ಕೂತು ಎಲ್ಲರನ್ನೂ ಬಯ್ಯುವ ಅಪ್ಪ. ಹೆಚ್ಚಿಗೆ ಕಾಳಿನ ಬೆಳೆಯೇ. ಕೆಲವು ವರ್ಷದ ಹಿಂದೆ ಮೊದಲ ಮಳೆ ಚೆನ್ನಾಗಿ ಬಿತ್ತು. ಅಕ್ಕಪಕ್ಕದವರೆಲ್ಲ ಮಾರನೇ ದಿನವೇ ಉತ್ತು, ಅದರ ಮಾರನೇ ದಿನ ಬಿತ್ತಿಬಿಟ್ಟರು. ನಮಗೂ ಎದೆ ಢವಢವ. ಅಪ್ಪ ಬೇಡ ಅಂದರೂ ಕೇಳದೆ ನಾವೂ ಬಿತ್ತಿದೆವು. ಐದಾರು ದಿನಕ್ಕೆ ಹೊಲ ಹಸಿರಾಯಿತು. ಖುಷಿಯಿಂದ ಬಗ್ಗಿ ನೋಡಿದರೆ ಸಾಲಲ್ಲಿ ಜೋಳ, ಸಾಲಿನ ನಡುವೆಯೂ ಏನೋ, ಸಾಲೊಳಗೂ ಏನೋ. ಎಳೆ ಹುಲ್ಲು ಯಾವುದು, ಎಳೆ ಜೋಳ ಯಾವುದು ಅಂತ ಎಲೆ ಹಿಡಿದು ನೋಡಿದರೂ ತಿಳಿಯದ ಪರಿಸ್ಥಿತಿ. ಸಾಲಿನ ನಡುವಿನ ಮಣ್ಣು ಕೆರೆಯುವ ಎಡೆಕುಂಟೆ ಹೊಡೆದರೆ ಅಲ್ಲಿನದು ಹೋಯಿತು, ಸಾಲೊಳಗಿನದು ಹಾಗೇ ಉಳಿಯಿತು. ಆಮೇಲೆ ಕುಡುಗೋಲು ಹಿಡಿದು ಕೂತೆವು ನೋಡಿ, ಮೂರು ವಾರ ಬೇರೆ ಕೆಲಸವೇ ಇಲ್ಲ. ನನ್ನ ಹೆಂಡತಿ ಅವತ್ತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನೀವು ಎರಡು ವಾರ ಕಾಯಲಿಲ್ಲ, ಈಗ ನಾನು ಮೂರು ವಾರ ಬಗ್ಗಬೇಕು."

ಮುಂದಿನ ವರ್ಷ ಹೊಲವನ್ನು ಎರಡು ಪಾಲು ಮಾಡಿದೆ. ಒಂದು ಪಾಲು ಎಲ್ಲರ ಹಾಗೆ ಬೇಗ ಬಿತ್ತಿದೆ. ಇನ್ನೊಂದು ಪಾಲನ್ನು ಉತ್ತು, ಹೆಂಟೆ ಒಡೆದು, ಬಿತ್ತನೆಗೆ ರೆಡಿ ಮಾಡಿದ ಹಾಗೇ ಮಾಡಿ, ಸುಮ್ನೆ ಬಿಟ್ಟೆ. ಬಿಟ್ಟೆ ಅಂದರೆ ಮರೆತೆ ಅಂತಲ್ಲ. ನಾಲ್ಕನೇ ದಿನದಿಂದ ದಿನಾ ಬೆಳಿಗ್ಗೆ ಹೋಗಿ ಮೇಲಿನ ಮಣ್ಣನ್ನು ಬೆರಳಲ್ಲಿ ಕೆರೆದು ನೋಡುತ್ತಿದ್ದೆ. ಮೊದಲು ಏನೂ ಕಾಣಲಿಲ್ಲ. ಆರನೇ ದಿನ ಮಣ್ಣೊಳಗೆ ಬಿಳಿ ಬಿಳಿ ಎಳೆಗಳು, ಬಟ್ಟೆಯಿಂದ ಬಿಚ್ಚಿದ ದಾರದ ಹಾಗೆ. ಮೇಲೆ ನಿಂತು ನೋಡಿದರೆ ಹೊಲ ಖಾಲಿ, ಒಂದು ಹಸಿರು ಚುಕ್ಕಿ ಇಲ್ಲ. ಕೆರೆದರೆ ಅಂಗೈ ಅಗಲದಲ್ಲಿ ಹತ್ತು ಹದಿನೈದು ದಾರ. ಅವತ್ತು ಕುಂಟೆ ಹೊಡೆದು ಮೇಲ್ಮಣ್ಣು ತೆಳ್ಳಗೆ ಕೆರೆಯಬೇಕು. ಬಿಸಿಲಿರೋ ದಿನ, ಗಾಳಿ ಇದ್ದರೆ ಇನ್ನೂ ಒಳ್ಳೆಯದು. ಆ ದಾರಕ್ಕೆ ಬೇರು ಹಿಡಿದಿರೋದಿಲ್ಲ, ಒಂದು ಸಲ ಅಲುಗಾಡಿಸಿದರೆ ಸಾಕು, ಮಧ್ಯಾಹ್ನದೊಳಗೆ ಒಣಗಿ ಕಾಣದ ಹಾಗಾಗುತ್ತದೆ. ಎರಡು ಎಲೆ ಬಿಟ್ಟ ಮೇಲೆ ಅದೇ ಕೆಲಸಕ್ಕೆ ಎರಡರಷ್ಟು ಕಷ್ಟ. ನಾಲ್ಕು ಎಲೆ ಆದ ಮೇಲೆ ಕುಂಟೆಗೆ ಸಿಕ್ಕರೂ ಅಡ್ಡ ಬಿದ್ದು, ಒಂದು ಹನಿ ಬಿದ್ದ ಕೂಡಲೇ ಮತ್ತೆ ಎದ್ದು ನಿಲ್ಲುತ್ತದೆ.

ಹನ್ನೆರಡನೇ ದಿನ ಇನ್ನೊಂದು ಸಲ ತೆಳ್ಳಗೆ ಹರಗಿ, ಅವತ್ತೇ ಬಿತ್ತಿದೆ. ಆ ಪಾಲಿಗೆ ಆಮೇಲೆ ಎರಡು ಸಲ ಎಡೆ ಹೊಡೆದಿದ್ದು ಬಿಟ್ಟರೆ ಒಂದೇ ಒಂದು ದಿನ ಕೈಕಳೆ ತೆಗೆದೆವು. ಬೇಗ ಬಿತ್ತಿದ ಪಾಲು ಮೊದಮೊದಲು ಎತ್ತರವಾಗಿತ್ತು, ನೋಡಿದವರು ನನ್ನನ್ನು ನಕ್ಕರು ಕೂಡ. ತೆನೆ ಬರೋ ಹೊತ್ತಿಗೆ ನಗು ನಿಂತಿತು.

ಇದಕ್ಕೆ ಹೆಸರೂ ಇದೆ, ಇಂಗ್ಲಿಷಿನಲ್ಲಿ ಸ್ಟೇಲ್ ಸೀಡ್‌ಬೆಡ್ ಅಂತಾರೆ. ನಾನು ಮನೆಯಲ್ಲಿ "ಸುಳ್ಳು ಬಿತ್ತನೆ" ಅಂತ ಕರೀತೀನಿ, ಕಳೆಗೆ ಸುಳ್ಳು ಹೇಳಿ ಹೊರಗೆ ಕರೆಯೋದು ಅಲ್ವಾ. ಚಳಿ ದೇಶಗಳಲ್ಲಿ ಹಿಮ ಕರಗಿ ವಸಂತದಲ್ಲಿ ಮಣ್ಣು ಬೆಚ್ಚಗಾದಾಗ ಮಾಡುತ್ತಾರೆ, ಒಣ ಭೂಮಿಯವರು ಮೊದಲ ಮಳೆ ನಂತರ ಮಾಡಬೇಕು. ಲೆಕ್ಕ ಎಲ್ಲಾ ಕಡೆ ಒಂದೇ. ಹಸಿ ಬೇಕು, ಬಿಸಿ ಬೇಕು, ತಾಳ್ಮೆ ಬೇಕು.

ಇಲ್ಲಿ ಎಲ್ಲರೂ ತಪ್ಪೋದು ಆಳದ ವಿಷಯದಲ್ಲಿ. ಮೊದಲ ಉಳುಮೆ ಬೇಕಾದರೆ ಆಳ ಇರಲಿ. ಆದರೆ ಎರಡನೇದು, ಮೂರನೇದು ಎರಡು ಅಂಗುಲ ದಾಟಬಾರದು. ಸಣ್ಣ ಬೀಜದ ಕಳೆಗಳು ಮೇಲಿನ ಒಂದೆರಡು ಅಂಗುಲದಿಂದ ಮಾತ್ರ ಮೇಲೇಳುತ್ತವೆ, ಅದಕ್ಕಿಂತ ಕೆಳಗಿದ್ದದ್ದು ಮಲಗಿರುತ್ತದೆ. ಮೇಲಿದ್ದದ್ದನ್ನು ಮೊಳೆಸಿ ಕೊಂದಾಯಿತು ಅಂತ ಖುಷಿಯಲ್ಲಿ ಮತ್ತೆ ಕಲ್ಟಿವೇಟರ್ ಆಳಕ್ಕೆ ಬಿಟ್ಟರೆ? ಕೆಳಗೆ ಮಲಗಿದ್ದನ್ನು ಎಬ್ಬಿಸಿ ಮೇಲೆ ತಂದು ಕೂರಿಸಿದ ಹಾಗೆ. ಕಸ ಗುಡಿಸಿ, ಅಟ್ಟದ ಧೂಳನ್ನು ಕೆಳಗೆ ಕೊಡವಿದ ಹಾಗೆ ಅಂತ ನಮ್ಮಪ್ಪ ಹೇಳ್ತಾರೆ.

ಮಲಗಿದ ಬೀಜ ಎಷ್ಟು ಕಾಲ ಮಲಗುತ್ತದೆ ಗೊತ್ತಾ? ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಅಂತ ಒಬ್ಬ ಸಸ್ಯವಿಜ್ಞಾನಿ ಇದ್ದರು. ರೈತ ಎಷ್ಟು ವರ್ಷ ಕಳೆ ಕಿತ್ತರೆ ಮಣ್ಣಲ್ಲಿರೋ ಬೀಜ ಖಾಲಿಯಾಗುತ್ತದೆ ಅಂತ ತಿಳಿಯೋದು ಅವರ ಆಸೆ. 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಕಳೆಬೀಜಗಳನ್ನು ತುಂಬಿ ನೆಲದಲ್ಲಿ ಹೂತಿಟ್ಟರು. ಇಷ್ಟಿಷ್ಟು ವರ್ಷಕ್ಕೊಂದು ಅಂತ ತೆಗೆದು ಬಿತ್ತಿ ನೋಡಬೇಕು. ಅವರು ಹೋದ ಮೇಲೂ ಬೇರೆಯವರು ನಡೆಸಿಕೊಂಡು ಬಂದಿದ್ದಾರೆ. 2021ರಲ್ಲಿ ಒಂದು ಬಾಟಲಿ ತೆಗೆದರು. 142 ವರ್ಷ ಮಣ್ಣಲ್ಲಿದ್ದ ಬೀಜ ಮತ್ತೂ ಮೊಳೆಯಿತು! ಎಲ್ಲಾ ಜಾತಿಯದ್ದಲ್ಲ, ಮುಖ್ಯವಾಗಿ ಮುಲೀನ್ ಅನ್ನೋ ಒಂದು ಗಿಡದ್ದು. ಹೆಚ್ಚಿನ ಜಾತಿಗಳು ಅಷ್ಟರಲ್ಲಿ ಸತ್ತಿದ್ದವು, ಅದೇ ಸಮಾಧಾನ. ಕೊನೆಯ ಬಾಟಲಿ ತೆಗೆಯೋದು 2100ರಲ್ಲಂತೆ, ನಮ್ಮ ಮೊಮ್ಮಕ್ಕಳು ಓದಲಿ.

ಆ ಬಾಟಲಿಯನ್ನು ಅವರು ಅಗೆದದ್ದು ಬೆಳಕು ಹರಿಯೋ ಮುಂಚೆ, ಕತ್ತಲಲ್ಲಿ. ಯಾಕೆ ಅಂದರೆ ಎಷ್ಟೋ ಕಳೆಬೀಜಕ್ಕೆ ಮೊಳೆಯೋಕೆ ಬೆಳಕಿನ ಒಂದು ಮಿಂಚು ಸಾಕು. ನಾವು ಉಳುವಾಗ ಮಣ್ಣು ತಿರುವಿ ಬೀಳುವ ಆ ಗಳಿಗೆಯಲ್ಲಿ ಬೀಜ ಸೂರ್ಯನನ್ನು ನೋಡಿ ಮತ್ತೆ ಒಳಗೆ ಹೋಗುತ್ತದೆ, ಅಷ್ಟಕ್ಕೇ ಎಚ್ಚರ. ಇದನ್ನೇ ಹಿಡಿದು 1990ರ ಸುಮಾರಿಗೆ ಜರ್ಮನಿಯಲ್ಲಿ ರಾತ್ರಿ ಹೊತ್ತು ಉಳುಮೆ ಮಾಡಿ ನೋಡಿದರು, ಕಳೆ ಕಡಿಮೆಯಾಯಿತು. ಬೇರೆ ಕಡೆ ಮಾಡಿದವರಿಗೆ ಒಮ್ಮೆ ಕಡಿಮೆ, ಒಮ್ಮೆ ಅಷ್ಟಕ್ಕಷ್ಟೇ. ನಾನು ರಾತ್ರಿ ಉಳೋಕೆ ಹೋಗಿಲ್ಲ, ಹಾವಿನ ಭಯ. ಆದರೆ ವಿಷಯ ಗೊತ್ತಾದ ಮೇಲೆ ಒಂದು ಅರ್ಥವಾಯಿತು. ಉಳುಮೆ ಅಂದರೆ ಕಳೆ ಕೊಲ್ಲೋದು ಅಂತ ನಾವು ಅಂದುಕೊಂಡಿದ್ದೇವೆ. ಅರ್ಧ ಮಾತ್ರ ನಿಜ. ಒಂದು ಉಳುಮೆ ಇದ್ದದ್ದನ್ನು ಕೊಲ್ಲುತ್ತದೆ, ಹೊಸದನ್ನು ಎಬ್ಬಿಸುತ್ತದೆ. ಎದ್ದದ್ದನ್ನು ಕೊಲ್ಲೋಕೆ ಎರಡನೇದು ಬೇಕೇ ಬೇಕು. ಮಳೆ ಆದ ಕೂಡಲೇ ಉತ್ತು ಬಿತ್ತುವವರು ಎಬ್ಬಿಸೋ ಕೆಲಸ ಮಾಡಿ, ಕೊಲ್ಲೋ ಕೆಲಸ ಬಿಟ್ಟಿರುತ್ತಾರೆ.

ಇನ್ನು ರೋಟಾವೇಟರ್, ಟ್ರ್ಯಾಕ್ಟರಿಗೆ ಕಟ್ಟಿ ತಿರುಗೋ ಬ್ಲೇಡಿನಿಂದ ಮಣ್ಣು ಪುಡಿ ಮಾಡೋ ಯಂತ್ರ. ಇದರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡೋದಿಲ್ಲ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ಹೆಜ್ಜೆ ಅಗಲದ ಜಾಗದಲ್ಲಿ ಜೇಕು ಅನ್ನೋ ಕಳೆ ಇತ್ತು. ಬಾಡಿಗೆಗೆ ಬಂದ ಟ್ರ್ಯಾಕ್ಟರಿನವನಿಗೆ ಆ ಮೂಲೆ ಬಿಡಪ್ಪಾ ಅಂತ ಹೇಳೋಕೆ ಮರೆತೆ, ತಪ್ಪು ನನ್ನದೂ ಇದೆ. ಅವನು ನೀಟಾಗಿ ಆ ಮೂಲೆಯಿಂದಲೇ ಶುರು ಮಾಡಿ ಉದ್ದಕ್ಕೂ ಎಳೆದುಕೊಂಡು ಹೋದ. ಮಣ್ಣು ಹಿಟ್ಟಿನ ಹಾಗಾಯಿತು, ನೋಡೋಕೆ ಎಷ್ಟು ಚೆಂದ! ಇಪ್ಪತ್ತು ದಿನ ಬಿಟ್ಟು ನೋಡಿದರೆ ಜೇಕು ಹೊಲದ ಆ ತುದಿಯಲ್ಲಿ. ಜೇಕಿನ ಗಡ್ಡೆಗಳು ಮಣ್ಣೊಳಗೆ ಸರಪಳಿ ಥರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸರಪಳಿ ಗಟ್ಟಿ ಇರೋವಾಗ ಎಲ್ಲಾ ಗಡ್ಡೆಯೂ ಚಿಗುರೋದಿಲ್ಲ. ತುಂಡು ಮಾಡಿದಿರೋ, ಪ್ರತಿಯೊಂದೂ ತಾನೇ ಯಜಮಾನ. ಗರಿಕೆಯ ಕಥೆಯೂ ಅದೇ, ಒಂದು ಗೆಣ್ಣಿನ ತುಂಡು ಸಾಕು. ಇವಕ್ಕೆ ಸುಳ್ಳು ಬಿತ್ತನೆಯೂ ನಡೆಯೋದಿಲ್ಲ ಅಂತ ಒಪ್ಪಿಕೊಳ್ತೀನಿ. ಇವಕ್ಕೆ ಮದ್ದು ಒಣ ಕಾಲದ ಉಳುಮೆ. ಕಾದ ನೆಲವನ್ನು ನೇಗಿಲಲ್ಲಿ ದಪ್ಪ ಹೆಂಟೆಯಾಗಿ ಎಬ್ಬಿಸಿ, ಒಡೆಯದೆ, ಬಿಸಿಲಿಗೆ ಹಾಗೇ ಬಿಡಬೇಕು. ಗಡ್ಡೆ ಚೆನ್ನಾಗಿ ಒಣಗಿದರೆ ಸಾಯುತ್ತದೆ. ಅದನ್ನು ರೋಟಾವೇಟರ್ ಹೊಡೆದು ಪುಡಿ ಮಾಡಿ ಮಣ್ಣೊಳಗೆ ಬೆಚ್ಚಗೆ ಮುಚ್ಚಿಟ್ಟರೆ ಬಿತ್ತನೆ ಮಾಡಿದ ಹಾಗೇ ಆಯಿತು. ಜೊತೆಗೆ ವರ್ಷಾ ವರ್ಷಾ ಒಂದೇ ಆಳಕ್ಕೆ ಅದನ್ನೇ ಹೊಡೆದರೆ ಕೆಳಗೆ ಗಟ್ಟಿ ಪದರ ಕೂರುತ್ತದೆ, ಬೇರು ಇಳಿಯೋದಿಲ್ಲ, ನೀರೂ ಇಳಿಯೋದಿಲ್ಲ.

ಇನ್ನೊಂದು, ಬಾಡಿಗೆ ಯಂತ್ರ ಹೊಲಕ್ಕೆ ಇಳಿಯೋ ಮುಂಚೆ ಅದರ ಬ್ಲೇಡಿಗೆ ಅಂಟಿದ ಮಣ್ಣು ಕೆರೆಸಿ. ಹಿಂದಿನ ಹೊಲದವನ ಕಳೆ ನಿಮಗೆ ಪುಕ್ಕಟೆ ಯಾಕೆ? ಅರ್ಧ ಕೊಳೆತ ಗೊಬ್ಬರವೂ ಹಾಗೇ. ದನದ ಹೊಟ್ಟೆ ದಾಟಿ ಬಂದ ಬೀಜ ಎಷ್ಟೋ ಸಲ ಜೀವಂತ ಇರುತ್ತದೆ, ತಿಪ್ಪೆಯಲ್ಲಿ ಕಾವು ಹತ್ತಿ ಪೂರ್ತಿ ಕಳಿತರೆ ಮಾತ್ರ ಸಾಯೋದು.

ಹದದ ಬಗ್ಗೆ ಬರೆಯದಿದ್ದರೆ ಅಪ್ಪ ನನ್ನನ್ನು ಬಿಡೋದಿಲ್ಲ. ಹಸಿ ಜಾಸ್ತಿ ಇರೋವಾಗ ಇಳಿದರೆ ಮಣ್ಣು ಒತ್ತಿಕೊಂಡು ಇಟ್ಟಿಗೆ ಆಗುತ್ತದೆ, ಒಣಗಿದ ಮೇಲೆ ಇಳಿದರೆ ಬರೀ ಹೆಂಟೆ. ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಉಂಡೆ ಹಾಗೇ ಬಿದ್ದು ಚಪ್ಪಟೆಯಾದರೆ ಮನೆಗೆ ಹೋಗಿ ಮಲಗಿ. ಬಿದ್ದು ಪುಡಿಪುಡಿಯಾದರೆ ಹದ ಬಂತು. ಉಂಡೆಯೇ ಕಟ್ಟದಿದ್ದರೆ ನೀವು ತಡ ಮಾಡಿದಿರಿ. ಬೇಗ ಬಿತ್ತೋ ಗಡಿಬಿಡಿಯಲ್ಲಿ ನಾವು ಬಿಟ್ಟುಕೊಟ್ಟಿದ್ದು ಇದನ್ನೂ ಹೌದು. ಟ್ರ್ಯಾಕ್ಟರ್ ಇವತ್ತು ಸಿಗುತ್ತದೆ ಅಂತ ಇವತ್ತು ಉಳೋದು, ಮಣ್ಣನ್ನು ಕೇಳಿ ಅಲ್ಲ.

ಕಳೆನಾಶಕ ಬೇಡವೇ ಬೇಡ ಅಂತ ನಾನು ಹೇಳೋನಲ್ಲ. ನಾನೂ ಹೊಡೆದಿದ್ದೇನೆ. ಆಳು ಸಿಗದ ವರ್ಷ, ಬಿಡುವಿಲ್ಲದ ಮಳೆಯಲ್ಲಿ ಕುಂಟೆ ಇಳಿಯದ ವರ್ಷ, ಇನ್ನೇನು ಮಾಡೋದು. ಆದರೆ ಅದೊಂದನ್ನೇ ನೆಚ್ಚಿಕೊಂಡವರ ಕಥೆ ಪ್ರಪಂಚವೆಲ್ಲ ಒಂದೇ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ಮಾರುಕಟ್ಟೆಗೆ ಬಂದಿದ್ದು 1974ರಲ್ಲಿ. ಇದಕ್ಕೆ ಯಾವ ಕಳೆಯೂ ಬಗ್ಗದೆ ಇರಲ್ಲ ಅನ್ನೋ ನಂಬಿಕೆ ಇತ್ತು. 1996ರಲ್ಲಿ ಆಸ್ಟ್ರೇಲಿಯಾದಲ್ಲಿ ರೈಗ್ರಾಸ್ ಅನ್ನೋ ಹುಲ್ಲು ಅದಕ್ಕೆ ಜಗ್ಗಲಿಲ್ಲ ಅಂತ ವರದಿಯಾಯಿತು, ಆಮೇಲೆ ಒಂದರ ಹಿಂದೆ ಒಂದು. ಔಷಧಿಗೆ ಬದುಕುಳಿದ ನಾಲ್ಕು ಗಿಡ ಬೀಜ ಉದುರಿಸುತ್ತವೆ, ಮುಂದಿನ ವರ್ಷ ಅವುಗಳ ಮಕ್ಕಳು. ಕುಂಟೆಗೆ ಹಾಗೆ ಒಗ್ಗಿಕೊಂಡ ದಾರದ ಮೊಳಕೆಯನ್ನು ನಾನಂತೂ ನೋಡಿಲ್ಲ.

ಕಾಯೋದರಲ್ಲಿ ತೊಂದರೆ ಇಲ್ವಾ? ಇದೆ. ಮಳೆ ತಡವಾಗಿ ಬಂದ ವರ್ಷ ಹನ್ನೆರಡು ದಿನ ಅಂದರೆ ಬೆಳೆಯ ಕೊನೆಗೆ ಹಸಿ ಸಾಲದೆ ಹೋಗಬಹುದು. ಅಂಥ ವರ್ಷ ನಾನು ಕಾಯೋದಿಲ್ಲ, ಒಂದೇ ಸಲ ಹರಗಿ ಬಿತ್ತುತ್ತೇನೆ. ಕಾದರೆ ಮಣ್ಣಿನ ಹಸಿ ಆರಿ ಹೋಗುತ್ತದೆ ಅನ್ನೋ ಭಯವೂ ಸುಳ್ಳಲ್ಲ. ಆದರೆ ಕಳೆ ಬೆಳೆಯೋಕೆ ಬಿಟ್ಟರೆ ಅದು ಕುಡಿಯೋ ನೀರು ಎಷ್ಟು? ತೆಳ್ಳಗೆ ಕುಂಟೆ ಹೊಡೆದು ಮೇಲೆ ಪುಡಿಮಣ್ಣು ಹೊದಿಸಿದರೆ ಕೆಳಗಿನ ಹಸಿ ಬೇಗ ಆರೋದಿಲ್ಲ, ಒಣಭೂಮಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಡೀ ಹೊಲ ಕಾಯಿಸೋಕೆ ಧೈರ್ಯ ಸಾಲದಿದ್ದರೆ ಕಳೆ ಜಾಸ್ತಿ ಇರೋ ಒಂದು ಪಾಲನ್ನಾದರೂ ಕಾಯಿಸಿ ನೋಡಬಹುದು, ನಾನು ಶುರು ಮಾಡಿದ್ದೂ ಹಾಗೇ.

ನಿಜವಾಗಿ ಕಷ್ಟ ಇರೋದು ಬೇರೆ ಕಡೆ. ಎಲ್ಲರ ಹೊಲದಲ್ಲೂ ಕೂರಿಗೆ ಓಡುತ್ತಿರುವಾಗ ನಿಮ್ಮೊಬ್ಬರ ಹೊಲ ಖಾಲಿ. ದಾರಿಯಲ್ಲಿ ಹೋಗೋರೆಲ್ಲ "ಏನಣ್ಣಾ, ಈ ಸಲ ಬಿತ್ತೋದಿಲ್ವಾ?" ಅಂತ ಕೇಳುತ್ತಾರೆ. ಮೊದಲ ದಿನ ನಗುತ್ತಾ ಉತ್ತರ ಕೊಟ್ಟೆ, ಐದನೇ ದಿನ ಬೇರೆ ದಾರಿಯಲ್ಲಿ ಹೋದೆ.

ಅದಕ್ಕೇ ನಿಮ್ಮನ್ನು ಕೇಳಿಕೊಳ್ಳೋದು. ಕಳೆಯ ಬರಹವನ್ನು ಈ ಸಲ ಬಿತ್ತನೆಗೆ ಒಂದು ತಿಂಗಳು ಮುಂಚೆ ಹಾಕಿ. ಔಷಧಿ ಪಂಪಿನ ಫೋಟೊ ಬದಲು ಅಂಗೈಯಲ್ಲಿ ಹಿಡಿದ ಒಂದು ಹಿಡಿ ಮಣ್ಣು, ಅದರಲ್ಲಿ ಬಿಳಿ ದಾರದಂಥ ಮೊಳಕೆ, ಹತ್ತಿರದಿಂದ ತೆಗೆದ ಚಿತ್ರ ಇರಲಿ. ಎಷ್ಟೋ ರೈತರು ಅದನ್ನು ಕಣ್ಣಾರೆ ನೋಡಿಯೇ ಇಲ್ಲ, ಯಾಕೆಂದರೆ ಅದು ಮೇಲೆ ಕಾಣೋದಿಲ್ಲ. ಫೋಟೊ ಬೇಕಿದ್ದರೆ ಮುಂದಿನ ಹಂಗಾಮಿನ ಆರನೇ ದಿನ ನಾನೇ ತೆಗೆದು ಕಳಿಸುತ್ತೇನೆ.

ಇತಿ,
ನಿಮ್ಮ ಓದುಗ, ಒಬ್ಬ ರೈತ